ಡ್ಯೂಸೆಲ್ಡಾರ್ಫಿನಲ್ಲಿ ಅಸಲಿ ಜಪಾನಿ ಊಟ ಎಲ್ಲಿ ಸಿಗುತ್ತದೆ?

"ನಗೋಯಾದಲ್ಲಿ ಮೂರು ವರ್ಷ ಇದ್ದು ಬಂದೆ, ಇಲ್ಲಿ ಎಂಟು ಹೋಟೆಲು ತಿರುಗಿದರೂ ಅಲ್ಲಿನ ರುಚಿ ಸಿಗಲಿಲ್ಲ, ಇಲ್ಲಿ ಸಿಗುವುದೆಲ್ಲ ನಕಲಿ, ಅಸಲಿ ಊಟ ಎಲ್ಲಿದೆ ಹೇಳಿ" ಅಂತ ಕೇಳಿದ್ದೀರಿ. ಒಂಬತ್ತನೆಯದಕ್ಕೆ ಹೋಗಬೇಡಿ. ಇದೇ ಊರಿನಲ್ಲಿ ಎರಡು ಚಳಿಗಾಲ ನಾನೂ ಹೀಗೇ ತಿರುಗಿದವಳು.

ನಾನಿದ್ದದ್ದು ನಗೋಯಾದ ಪಕ್ಕದ ಒಕಾಜಾಕಿಯಲ್ಲಿ, ನಾಲ್ಕು ವರ್ಷ. ಹಾಚ್ಚೋ ಮಿಸೊ, ಅಂದರೆ ಸೋಯಾಕಾಳು ಹುದುಗಿಸಿ ಮಾಡುವ ಕಪ್ಪು ಮುದ್ದೆ, ಹುಟ್ಟಿದ ಊರು ಅದು. ಕೋಟೆಯಿಂದ ಎಂಟು 'ಚೋ' ದೂರದಲ್ಲಿ, ಅಂದರೆ ಸುಮಾರು 870 ಮೀಟರ್ ಆಚೆ ತಯಾರಾಗುತ್ತಿದ್ದುದರಿಂದ ಆ ಹೆಸರು. ಆಳೆತ್ತರದ ಮರದ ಪೀಪಾಯಿ, ಅದರ ಮೇಲೆ ಗೋಪುರದ ಹಾಗೆ ಪೇರಿಸಿದ ಹೊಳೆಗಲ್ಲು, ಒಳಗೆ ಸೋಯಾಕಾಳು ಎರಡು ವರ್ಷಕ್ಕೂ ಮೇಲೆ ಮಾಗುತ್ತಾ ಕೂತಿರುತ್ತದೆ. ನಾನು ಮಹಡಿ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯ ಯಜಮಾನಿ ಎಪ್ಪತ್ತು ದಾಟಿದ ಅಜ್ಜಿ. ಬೆಳಗ್ಗೆ ಆರೂವರೆಗೆಲ್ಲ ಆ ಕಪ್ಪು ಮಿಸೊ ಸಾರಿನ ಘಮ ಮೆಟ್ಟಿಲು ಹತ್ತಿ ಬರುತ್ತಿತ್ತು. ಒಂದು ಬಟ್ಟಲು ಸಾರು, ಒಂದು ಬಟ್ಟಲು ಅನ್ನ, ಎರಡು ಚೂರು ಉಪ್ಪಿನಲ್ಲಿ ಹಾಕಿದ ಮೂಲಂಗಿ. ನಾಲ್ಕು ವರ್ಷ ನನ್ನ ಹೊಟ್ಟೆ ಬೆಳಗಾಯಿತೆಂದು ತಿಳಿದದ್ದು ಅದರಿಂದಲೇ.

ಡ್ಯೂಸೆಲ್ಡಾರ್ಫಿಗೆ ವರ್ಗವಾದಾಗ ನನಗೆ ಚಿಂತೆಯೇ ಇರಲಿಲ್ಲ. ಮುಖ್ಯ ರೈಲುನಿಲ್ದಾಣದಿಂದ ಹೊರಬಂದರೆ ಎದುರಿಗೇ ಇಮ್ಮರ್ಮನ್ ರಸ್ತೆ. 1950ರ ದಶಕದಲ್ಲಿ ರೂರ್ ಪ್ರದೇಶದ ಉಕ್ಕು, ಯಂತ್ರ ಕೊಳ್ಳಲು ಬಂದ ಜಪಾನಿ ಕಂಪನಿಗಳು ಇಲ್ಲಿ ಕಚೇರಿ ತೆರೆದವು, ಹಿಂದೆಯೇ ಸಂಸಾರಗಳು ಬಂದವು, 1971ರಲ್ಲಿ ಜಪಾನಿ ಶಾಲೆ ಬಂತು, 1993ರಲ್ಲಿ ನೀಡರ್‌ಕಾಸೆಲ್‌ನಲ್ಲಿ ಬೌದ್ಧ ದೇವಸ್ಥಾನವೂ ಆಯಿತು. ಆ ರಸ್ತೆಯ ಎಷ್ಟೋ ಹೋಟೆಲು ನಡೆಯುವುದೇ ಈ ಸಂಸಾರಗಳಿಂದ. ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿರುವ "ಇಲ್ಲಿ ಸಿಗುವುದೆಲ್ಲ ನಕಲಿ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸುಶಿ, ವಿಯೆಟ್ನಾಮಿ ಫೋ, ಥಾಯ್ ನೂಡಲ್ಸ್ ಮೂರನ್ನೂ ಒಂದೇ ಪಟ್ಟಿಯಲ್ಲಿ ಬರೆದಿರುವ ಕಡೆ ಕಾಲಿಡಬೇಡಿ. ವಾರದ ದಿನ ಹನ್ನೆರಡೂವರೆಗೆ ಜಪಾನಿ ಅಜ್ಜಂದಿರು ಒಬ್ಬೊಬ್ಬರೇ ಕೂತು ತೆಯಿಶೊಕು, ಅಂದರೆ ಅನ್ನ, ಸಾರು ಎಲ್ಲ ಸೇರಿದ ತಟ್ಟೆಯೂಟ, ತಿನ್ನುತ್ತಿರುವ ಕಡೆ ಹೋಗಿ. ಹೋಟೆಲಿನ ವಿಷಯದಲ್ಲಿ ನನ್ನ ಸಲಹೆ ಇಷ್ಟೇ. ಅಲ್ಲಿನ ಊಟ ಚೆನ್ನಾಗಿಯೇ ಇರುತ್ತದೆ. ಆದರೂ ನಿಮಗೆ ಸಮಾಧಾನವಾಗುವುದಿಲ್ಲ, ಏಕೆಂದರೆ ನೀವು ಹುಡುಕುತ್ತಿರುವುದು ಹೋಟೆಲಿನ ಊಟವನ್ನಲ್ಲ, ದಿನಾ ಬೆಳಗಿನ ಆ ಸಾರನ್ನ. ನನಗೆ ಇದು ಹೊಳೆಯಲು ಒಂದು ವರ್ಷ ಬೇಕಾಯಿತು. ಆಮೇಲೆ ಮನೆಯಲ್ಲೇ ಮಾಡಲು ಕೂತೆ. ದೊಡ್ಡ ತಪ್ಪು ಮಾಡಿದ್ದು ಅಲ್ಲಿ.

ಮಿಸೊ ಸಾರಿನ ಜೀವ ದಾಶಿ ಎಂಬ ತಿಳಿ ಕಟ್ಟಿನಲ್ಲಿದೆ. ನಮ್ಮಲ್ಲಿ ಬಸ್ಸಾರಿಗೆ ಬೇಳೆಕಟ್ಟು ಹೇಗೋ ಅವರಿಗೆ ದಾಶಿ ಹಾಗೆ. ಕಟ್ಟು ಸಪ್ಪೆಯಾದರೆ ಮೇಲೆ ಎಷ್ಟು ಖಾರ ರುಬ್ಬಿ ಹಾಕಿದರೂ ಬಸ್ಸಾರು ಏಳುವುದಿಲ್ಲವಲ್ಲ. ಒಂದು ಲೀಟರ್ ನೀರಿಗೆ ಹತ್ತು ಗ್ರಾಂ ಕೊಂಬು, ಅಂದರೆ ಒಣಗಿಸಿದ ಸಮುದ್ರಕಳೆ, ರಾತ್ರಿ ನೆನೆಹಾಕಬೇಕು. ಬೆಳಗ್ಗೆ ಸಣ್ಣ ಉರಿಯಲ್ಲಿ ಕಾಯಿಸಿ, ಕುದಿ ಬರುವ ಮೊದಲೇ ತೆಗೆದುಬಿಡಬೇಕು. ಅಜ್ಜಿ ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಮಾಡಿದೆ. ನೀರು ಬೆಳ್ಳಗೆ ಮಬ್ಬಾಯಿತು, ಮೇಲೆ ತೆಳ್ಳನೆಯ ಕೆನೆಯಂಥದ್ದು ಕಟ್ಟಿತು, ಬಾಯಿಗೆ ಹಾಕಿದರೆ ಸಮುದ್ರದ ವಾಸನೆ ಬಿಟ್ಟು ಏನೂ ಇಲ್ಲ. ಕೊಂಬು ಕಳಪೆ ಅಂದುಕೊಂಡೆ. ಅದಕ್ಕಿಂತ ದುಬಾರಿಯದನ್ನು ತಂದೆ, ಆಮೇಲೆ ರಿಶಿರಿ ದ್ವೀಪದ್ದು ಅಂತ ಇನ್ನೂ ದುಬಾರಿಯದು. ಹತ್ತು ಗ್ರಾಮಿನ ಬದಲು ಇಪ್ಪತ್ತು, ಮೂವತ್ತು ಹಾಕಿದೆ. ಸಪ್ಪೆ ಹೋಗಲಿಲ್ಲ, ಲೋಳೆ ಹೆಚ್ಚಿತು. ಆ ಚಳಿಗಾಲ ನಾನು ಚೆಲ್ಲಿದ ಸಾರಿನ ಬೆಲೆ ಐನೂರು ಯೂರೋ ದಾಟಿರಬೇಕು.

ದುಡ್ಡಿನದು ಹೋಗಲಿ. ಒಕಾಜಾಕಿಯಿಂದ ಬರುತ್ತಿದ್ದ ಸಹೋದ್ಯೋಗಿಯ ಕೈಲಿ ಅಜ್ಜಿ ತಾವೇ ಬಳಸುವ ಕೊಂಬು ಕಳಿಸಿದರು. ಅದೂ ಹಾಗೇ ಆಯಿತು. "ಈ ಸಲದ್ದು ಹಳೆಯ ಸರಕಿರಬೇಕು, ರುಚಿಯೇ ಇಲ್ಲ" ಎಂದು ನಾನು ಫೋನಿನಲ್ಲಿ ಹೇಳಿಬಿಟ್ಟೆ. ಆಕೆ ಏನೂ ಅನ್ನಲಿಲ್ಲ. ಮಂಡಿನೋವಿನ ಆ ಹೆಂಗಸು ರೈಲು ಹತ್ತಿ ನಗೋಯಾಗೆ ಹೋಗಿ, ನಲವತ್ತು ವರ್ಷದಿಂದ ಕೊಳ್ಳುತ್ತಿದ್ದ ಅಂಗಡಿಯವನನ್ನು ಕೇಳಿ, ಬೇರೆ ಕಂತೆ ತಂದು ಮತ್ತೆ ಕಳಿಸಿದರೆಂದು ನನಗೆ ಆಮೇಲೆ ತಿಳಿಯಿತು. ಇದನ್ನು ಬರೆಯುವಾಗಲೂ ಸಂಕಟವಾಗುತ್ತದೆ.

ತಪ್ಪು ಇದ್ದದ್ದು ನನ್ನ ಮನೆಯ ನಲ್ಲಿಯಲ್ಲಿ. ಹೊಸ ಡಿಶ್‌ವಾಶರ್ ಜೋಡಿಸಲು ಬಂದವರು ಒಂದು ಕಾಗದದ ಪಟ್ಟಿಯನ್ನು ನೀರಿಗೆ ಅದ್ದಿ, ಗಡಸು ಹದಿನೈದು ಡಿಗ್ರಿ ಸುತ್ತ ಇದೆ, ಉಪ್ಪು ಇಷ್ಟು ಹಾಕಿ ಎಂದರು. ಜರ್ಮನ್ ಅಳತೆಯ ಒಂದು ಡಿಗ್ರಿ ಎಂದರೆ ಲೀಟರಿಗೆ ಸುಮಾರು 17.8 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ಹದಿನೈದು ಎಂದರೆ 260ಕ್ಕೂ ಮೇಲಾಯಿತು. ಜಪಾನಿನ ನಲ್ಲಿನೀರು ಬಹಳಷ್ಟು ಕಡೆ ಐವತ್ತು ಅರವತ್ತರ ಆಸುಪಾಸು. ಗಡಸು ನೀರಿನ ಕ್ಯಾಲ್ಸಿಯಂ ಕೊಂಬಿನ ಮೈಮೇಲಿನ ಆಲ್ಜಿನೇಟ್ ಎಂಬ ಲೋಳೆಗೆ ಅಂಟಿ ಬಿಗಿಯುತ್ತದೆ, ಒಳಗಿನ ರುಚಿ ಹೊರಗೆ ಬರಲು ಬಿಡುವುದಿಲ್ಲ. ನಾನು ಕಂಡ ಬಿಳಿ ಕೆನೆ ಅದೇ.

ನಾನು ಕೋಲಾರದವಳು. ಬೋರಿನ ನೀರಿಗೆ ತೊಗರಿಬೇಳೆ ಬೇಯುವುದಿಲ್ಲ ಎಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ನಮ್ಮಮ್ಮ ಪಾತ್ರೆ ತೊಳೆಯಲು, ಸ್ನಾನಕ್ಕೆ ಬೋರಿನ ನೀರು, ಬೇಳೆಗೆ ಮಾತ್ರ ಸಿಹಿನೀರಿನ ಬಾವಿಯಿಂದ ಒಂದು ಬಿಂದಿಗೆ ಬೇರೆಯೇ ತಂದಿಡುತ್ತಿದ್ದರು. ಅಲ್ಲಿ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ನಿಗೆ ಅಂಟುತ್ತದೆ, ಇಲ್ಲಿ ಕೊಂಬಿನ ಆಲ್ಜಿನೇಟಿಗೆ. ಒಂದೇ ಕಥೆ. ಆ ಬಿಂದಿಗೆಯನ್ನು ಹೊತ್ತು ತಂದವಳು ನಾನು, ಆದರೂ ನನಗೆ ಹೊಳೆಯಲಿಲ್ಲ. ಡ್ಯೂಸೆಲ್ಡಾರ್ಫಿನಲ್ಲಿ ಬೇಳೆಯನ್ನು ಕುಕ್ಕರಿನಲ್ಲಿ ಬೇಯಿಸುತ್ತಿದ್ದೆನಲ್ಲ, ನೀರಿನ ದೋಷವನ್ನು ಕುಕ್ಕರು ಮುಚ್ಚಿಹಾಕಿತ್ತು. ಕೆಟಲಿನ ತಳದಲ್ಲಿ ಸುಣ್ಣ ಕಟ್ಟುತ್ತಿದ್ದುದನ್ನು ದಿನಾ ನೋಡುತ್ತಿದ್ದೆ, ವಿನೆಗರ್ ಹಾಕಿ ತೊಳೆಯುತ್ತಿದ್ದೆ, ಅದೇ ನೀರಿನಲ್ಲಿ ಸಾರು ಮಾಡಿ ಕೊಂಬನ್ನು ಬೈಯುತ್ತಿದ್ದೆ.

ಆ ರಾತ್ರಿಯೇ ಎರಡು ಗಾಜಿನ ಜಾಡಿ ಇಟ್ಟೆ. ಅಜ್ಜಿ ಕಳಿಸಿದ ಮೊದಲ ಕಂತೆಯದೇ ಕೊಂಬು, ತೂಕ ಮಾಡಿ ಹತ್ತತ್ತು ಗ್ರಾಂ. ಒಂದಕ್ಕೆ ನಲ್ಲಿನೀರು, ಇನ್ನೊಂದಕ್ಕೆ ವೋಲ್ವಿಕ್ ಬಾಟಲಿ ನೀರು. ಬೆಳಗ್ಗೆ ಒಂದು ಮಬ್ಬು, ಇನ್ನೊಂದು ತಿಳಿಯಾದ ಹುಲ್ಲುಬಣ್ಣ. ಎರಡನೆಯದನ್ನು ಕಾಯಿಸಿ ಒಂದು ಚಮಚ ಬಾಯಿಗೆ ಹಾಕಿಕೊಂಡಾಗ ನಿಂತಲ್ಲೇ ಕಣ್ಣು ತುಂಬಿತು.

ಹೀಗಾಗಿ ನಿಮಗೆ ನಾನು ಹೇಳುವುದು ಹೋಟೆಲಿನ ಹೆಸರಲ್ಲ. ಬಾಟಲಿಯ ಲೇಬಲ್ ಓದಿ. ವೋಲ್ವಿಕ್‌ನಲ್ಲಿ ಲೀಟರಿಗೆ 12 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದರ ಸುತ್ತಮುತ್ತ ಇರುವ ಯಾವುದಾದರೂ ನಡೆಯುತ್ತದೆ. ಎವಿಯಾನ್ ಬೇಡ, ಅದು ನಮ್ಮ ನಲ್ಲಿಗಿಂತ ಗಡಸು. ಫಿಲ್ಟರ್ ಜಗ್ಗಿನ ನೀರು ಚಹಾಕ್ಕೆ ಸಾಕು, ದಾಶಿಗೆ ನನಗೆ ತೃಪ್ತಿಯಾಗಿಲ್ಲ. ಅನ್ನಕ್ಕೂ ಅದೇ ಬಾಟಲಿ ನೀರು ಬಳಸಿ, ಅದರಲ್ಲೂ ಮೊದಲ ಸಲ ತೊಳೆಯುವಾಗ. ಒಣ ಅಕ್ಕಿ ಹೀರಿಕೊಳ್ಳುವುದೇ ಆ ಮೊದಲ ನೀರನ್ನು. ಮೀನು ತಿನ್ನುವವರಾದರೆ ಕತ್ಸುಒಬುಶಿ, ಅಂದರೆ ದಾಶಿಗೆ ಹಾಕುವ ಹೊಗೆ ಹಾಕಿ ಒಣಗಿಸಿದ ಮೀನು, ಜಪಾನಿನದೇ ಬೇಕೆಂದು ಹಟ ಹಿಡಿಯಬೇಡಿ. ಹೊಗೆ ಹಾಕಿದ ಪದಾರ್ಥಕ್ಕೆ ಯುರೋಪಿನ ನಿಯಮ ಬಿಗಿಯಾಗಿರುವುದರಿಂದ ಜಪಾನಿನ ಮಕುರಜಾಕಿ ಊರಿನ ಕತ್ಸುಒಬುಶಿ ತಯಾರಕರು 2016ರಲ್ಲಿ ಫ್ರಾನ್ಸಿನ ಕೊಂಕಾರ್ನೊದಲ್ಲೇ ಕಾರ್ಖಾನೆ ತೆರೆದಿದ್ದಾರೆ. ಮಿಸೊ ಮಾತ್ರ ನಗೋಯಾ ಇರುವ ನಿಮ್ಮ ಐಚಿ ಪ್ರಾಂತ್ಯದ್ದೇ ಕೊಳ್ಳಿ, ಇಮ್ಮರ್ಮನ್ ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ.

ಕೊಂಬಿನ ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟು, ಅದಕ್ಕೆ ಕಾರಣವಾದ ಗ್ಲುಟಮೇಟನ್ನು ಬೇರ್ಪಡಿಸಿದ ಜಪಾನಿ ರಸಾಯನವಿಜ್ಞಾನಿ ಇಕೆದಾ ಕಿಕುನಾಯೆ ಅದಕ್ಕೆ ಕೆಲವು ವರ್ಷ ಮೊದಲು ಇದೇ ಜರ್ಮನಿಯ ಲೈಪ್ಜಿಗ್‌ನಲ್ಲಿ ಓದಿದ್ದರು. 1908ರಲ್ಲಿ ಅವರು ಅದನ್ನು ಸಾಧಿಸಿದ್ದು ಟೋಕಿಯೊಗೆ ಮರಳಿದ ಮೇಲೆ. ಲೈಪ್ಜಿಗ್‌ನಲ್ಲಿ ಅವರೂ ಎಂದಾದರೂ ಕೊಂಬು ನೆನೆಹಾಕಿ ನೋಡಿದ್ದರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಅಜ್ಜಿಗೆ ಅಂದೇ ಫೋನ್ ಮಾಡಿ ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಂಗಡಿಯವನಿಗೂ ಒಂದು ಪತ್ರ ಬರೆದುಬಿಡು" ಎಂದರು. ಬರೆದೆ, ಜಪಾನಿಯಲ್ಲಿ, ಎರಡು ಪುಟ. ಈಗ ನನಗೆ ಕೊಂಬು ಬರುವುದು ಆ ಅಂಗಡಿಯಿಂದಲೇ.