ಮರ್ಸಿಡಿಸ್ 190 ಇ ಎವೊ 2 ಕಾರಿನ ಆ ದೊಡ್ಡ ರೆಕ್ಕೆ ಬರೀ ಶೋಕಿಗಾ?

ನೀವು ಎರಡು ವಿಷಯ ಕೇಳಿದ್ದೀರಿ. ಮರ್ಸಿಡಿಸ್ 190 ಇ ಎವೊ 2 ಡಿಕ್ಕಿ ಮೇಲಿದ್ದ ರೆಕ್ಕೆಯಿಂದ ನಿಜವಾಗಿ ಉಪಯೋಗ ಇತ್ತಾ, ಮತ್ತು ರೇಸಲ್ಲಿ ಆ ಕಾರು ಬಿಎಂಡಬ್ಲ್ಯು ಎಂ3ಗಿಂತ ಮೇಲಾ. ಮೊದಲನೆಯದಕ್ಕೆ ನನ್ನ ಉತ್ತರ: ಖಂಡಿತ ಉಪಯೋಗ ಇತ್ತು, ಅದನ್ನು ಮಾಡಿದ್ದೇ ರೇಸಿಗೆ. ಈ ಕಾರೆಂದರೆ ನನಗೆ ಬಹಳ ಇಷ್ಟ, ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಮರ್ಸಿಡಿಸ್‌ನವರು 190 ಇ ಕಾರನ್ನು ಓಟಕ್ಕೆ ಇಳಿಸಲು ಮೊದಲು ಯೋಚಿಸಿದ್ದು ರ‍್ಯಾಲಿಗೆ. ಇಂಗ್ಲೆಂಡಿನ ಕಾಸ್‌ವರ್ತ್ ಕಂಪನಿ 2.3 ಲೀಟರ್ ಎಂಜಿನ್‌ಗೆ 16 ವಾಲ್ವ್‌ಗಳ ಹೊಸ ಸಿಲಿಂಡರ್ ಹೆಡ್ ಮಾಡಿಕೊಟ್ಟಿತು. ಅಷ್ಟರಲ್ಲಿ ಆಡಿ ಕ್ವಾಟ್ರೊ ಬಂತು. ನಾಲ್ಕೂ ಚಕ್ರಕ್ಕೆ ಶಕ್ತಿ, ಅದರ ಮೇಲೆ ಟರ್ಬೊ. ಎಂಜಿನ್ ಶಕ್ತಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಹೋಗುವ ಕಾರು ಮಣ್ಣಿನ ದಾರಿಯಲ್ಲಿ ಅದರ ಮುಂದೆ ನಿಲ್ಲುವುದು ಎಲ್ಲಿಂದ ಬಂತು? ಹಾಗಾಗಿ 190 ಇ ಟೂರಿಂಗ್ ಕಾರ್ ರೇಸಿನ ಕಡೆ, ಅಂದರೆ ರಸ್ತೆ ಕಾರುಗಳನ್ನೇ ತಯಾರು ಮಾಡಿ ಟ್ರ್ಯಾಕಿನಲ್ಲಿ ಓಡಿಸುವ ರೇಸಿನ ಕಡೆ ತಿರುಗಿತು. ಗಟ್ಟಿ ಎಂಜಿನ್ ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ. 1983ರಲ್ಲಿ ಇಟಲಿಯ ನಾರ್ಡೊ ಟ್ರ್ಯಾಕಿನಲ್ಲಿ ಇದು 50,000 ಕಿ.ಮೀ. ಓಡಿತು. ಪೆಟ್ರೋಲಿಗೆ, ಟೈರಿಗೆ ನಿಂತ ಸಮಯವನ್ನೂ ಸೇರಿಸಿ ಸರಾಸರಿ ವೇಗ ಗಂಟೆಗೆ ಸುಮಾರು 248 ಕಿ.ಮೀ.! 1984ರ ಮೇ ತಿಂಗಳಲ್ಲಿ ಹೊಸ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕ್ ಶುರುವಾದಾಗ ದೊಡ್ಡ ದೊಡ್ಡ ಚಾಲಕರಿಗೆಲ್ಲ ಇದೇ ಕಾರು ಕೊಟ್ಟು ಒಂದು ರೇಸ್ ನಡೆಸಿದರು. ಗೆದ್ದವರು ಆ ವರ್ಷವಷ್ಟೇ ಫಾರ್ಮುಲಾ ಒನ್‌ಗೆ ಬಂದಿದ್ದ ಆಯರ್ಟನ್ ಸೆನ್ನಾ, ಎರಡನೆಯವರು ನಿಕಿ ಲೌಡಾ.

ಈಗ ರೆಕ್ಕೆ ವಿಷಯ. ಟೂರಿಂಗ್ ಕಾರುಗಳಿಗೆ ಆಗಿದ್ದ ಗ್ರೂಪ್ ಎ ನಿಯಮದ ಪ್ರಕಾರ ರೇಸ್ ಕಾರಿನ ಹೊರಮೈ ರಸ್ತೆ ಕಾರಿನ ಹಾಗೇ ಇರಬೇಕು. ರೆಕ್ಕೆ ಬೇಕು ಅಂದರೆ ಅದೇ ರೆಕ್ಕೆ ಇರುವ 500 ಕಾರು ಮಾಡಿ ಜನರಿಗೆ ಮಾರಬೇಕು. ಎವೊ ಹುಟ್ಟಿದ್ದೇ ಹೀಗೆ. 1989ರ ಎವೊ 1ರಲ್ಲಿ ಎಂಜಿನ್ ಬದಲಾಯಿತು. ಅಷ್ಟರಲ್ಲಿ 2.5 ಲೀಟರ್‌ಗೆ ಬೆಳೆದಿದ್ದ ಎಂಜಿನ್ನಿನ ಗಾತ್ರ ಹಾಗೇ ಇಟ್ಟು ಸಿಲಿಂಡರನ್ನು ಅಗಲ ಮಾಡಿ ಪಿಸ್ಟನ್ ಓಡುವ ದೂರವನ್ನು ಕಡಿಮೆ ಮಾಡಿದರು, ಇದರಿಂದ ಎಂಜಿನ್ ಇನ್ನೂ ಜಾಸ್ತಿ ವೇಗದಲ್ಲಿ ತಿರುಗಬಹುದು. 1990ರ ಜಿನೀವಾ ಪ್ರದರ್ಶನಕ್ಕೆ ಬಂದ ಎವೊ 2ರಲ್ಲಿ ಹೊರಮೈ ಬದಲಾಯಿತು. ಒಟ್ಟು 502 ಕಾರು, ರಸ್ತೆ ಕಾರಿಗೆ 235 ಅಶ್ವಶಕ್ತಿ. ಅದರ ಏರೋಡೈನಮಿಕ್ಸ್, ಅಂದರೆ ಕಾರಿನ ಮೇಲೆ ಗಾಳಿ ಹರಿಯುವ ರೀತಿಯನ್ನು ಹೊಂದಿಸುವ ಕೆಲಸದಲ್ಲಿ ಸ್ಟಟ್‌ಗಾರ್ಟ್ ವಿಶ್ವವಿದ್ಯಾಲಯದ ಪ್ರೊಫೆಸರ್ ರಿಚರ್ಡ್ ಎಪ್ಲರ್ ಇದ್ದರು. ಇಂಥ ಸೆಡಾನ್ ಕಾರಿನ ಮೇಲ್ಛಾವಣಿ ದಾಟಿದ ಗಾಳಿ ಹಿಂದಿನ ಗಾಜಿನ ಮೇಲೆ ಇಳಿಯುವಾಗ ಕಾರಿನ ಹಿಂಭಾಗವನ್ನು ಮೇಲೆತ್ತಲು ನೋಡುತ್ತದೆ. ಎತ್ತಿದರೆ ಹಿಂದಿನ ಟೈರಿಗೆ ಹಿಡಿತ ಇಲ್ಲ, ಜೋರಾದ ತಿರುವಿನಲ್ಲಿ ಬಾಲ ಜಾರುತ್ತದೆ. ರೆಕ್ಕೆ ಅದನ್ನು ಒತ್ತಿ ಹಿಡಿಯುತ್ತಿತ್ತು. ಮುಂದಿನ ಬಂಪರ್ ಕೆಳಗಿನ ತುಟಿಯನ್ನೂ ಹಿಂದಿನ ರೆಕ್ಕೆಯನ್ನೂ ಟ್ರ್ಯಾಕಿಗೆ ತಕ್ಕ ಹಾಗೆ ಹೊಂದಿಸಬಹುದಿತ್ತು. ಬಿಎಂಡಬ್ಲ್ಯುನ ಅಧಿಕಾರಿ ವೋಲ್ಫ್‌ಗಾಂಗ್ ರೈಟ್ಸ್‌ಲೆ ಆ ರೆಕ್ಕೆ ನೋಡಿ, ಇದು ಕೆಲಸ ಮಾಡಿದರೆ ನಾವು ಕಾರಿನ ಮೇಲೆ ಗಾಳಿ ಬಿಟ್ಟು ಪರೀಕ್ಷಿಸುವ ನಮ್ಮ ವಿಂಡ್ ಟನಲನ್ನೇ ಬದಲಾಯಿಸಬೇಕು ಅಂದರಂತೆ.

1990 ಮತ್ತು 1991ರ ಡಿಟಿಎಂ, ಅಂದರೆ ಜರ್ಮನಿಯ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್, ಆಡಿ ವಿ8 ಪಾಲಾಯಿತು, ನಿಜ. ಆದರೆ 1992 ನೋಡಿ. 24 ರೇಸಿನಲ್ಲಿ 16 ಗೆಲುವು ಮರ್ಸಿಡಿಸ್‌ಗೆ. ಕ್ಲಾಸ್ ಲುಡ್ವಿಗ್ ಚಾಂಪಿಯನ್, ಕುರ್ಟ್ ಥೀಮ್ ಎರಡು, ಬರ್ಂಡ್ ಶ್ನೈಡರ್ ಮೂರು. ಆ ವರ್ಷವೇ ಹಾಕನ್‌ಹೈಮ್‌ನಲ್ಲಿ ಎಲೆನ್ ಲೋರ್ ಗೆದ್ದರು. ಡಿಟಿಎಂ ರೇಸ್ ಗೆದ್ದ ಒಬ್ಬಳೇ ಮಹಿಳೆ ಅವರು, ಈ ಕಾರಿನ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ದಿನ ಅದು. ಆಡಿ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ದಂಡ) ನಿಯಮಕ್ಕೆ ಸರಿಯಿದೆಯಾ ಅನ್ನುವ ಜಗಳದಲ್ಲಿ ಆಡಿ ಮಧ್ಯದಲ್ಲೇ ಬಿಟ್ಟು ಹೋಯಿತು, ಅದಕ್ಕೇ ಮರ್ಸಿಡಿಸ್ ಗೆದ್ದಿದ್ದು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಎಂ3ಗಳು ವರ್ಷಪೂರ್ತಿ ಇದ್ದವಲ್ವಾ?

ಇನ್ನು ಎಂ3. ಇಡೀ ಲೆಕ್ಕ ಹಾಕಿದರೆ ಎಂ3 ಮುಂದೆ. 1987 ಮತ್ತು 1989ರ ಡಿಟಿಎಂ, 1987ರ ವಿಶ್ವ ಟೂರಿಂಗ್ ಕಾರ್ ಪಟ್ಟ, ಎಲ್ಲ ಅದರದ್ದು. ಹಗುರವಾದ ಕಾರು, ಮೊದಲ ದಿನದಿಂದ ಟ್ರ್ಯಾಕಿಗೆಂದೇ ಮಾಡಿದ್ದು. 190 ಇ ಆ ಮಟ್ಟಕ್ಕೆ ಬರಲು ಎರಡು ಎವೊ ಬೇಕಾದವು. ಬಂದ ಮೇಲೆ ಮಾತ್ರ, 1992ರಲ್ಲಿ ಅದಕ್ಕಿಂತ ಒಳ್ಳೆಯ ಟೂರಿಂಗ್ ಕಾರು ಜರ್ಮನಿಯಲ್ಲಿ ಇರಲಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮರುವರ್ಷ ನಿಯಮ ಬದಲಾಗಿ ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ಆಲ್ಫಾ ರೋಮಿಯೊ 155 ಬಂದಾಗಲೂ 190 ಇ ಕಾರಿನಲ್ಲೇ ರೋಲಂಡ್ ಆಶ್ ಎರಡನೇ ಸ್ಥಾನಕ್ಕೆ ಬಂದರು.