ನ್ಯೂಪೋರ್ಟ್ ಬೀಚ್: ಪಕ್ಕದ ಜಾಗದ ಫ್ಲ್ಯಾಟ್‌ಗಳಿಗೆ ಊರಿನ ಮತ ಯಾವಾಗ ಬೇಕು?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿದ್ದೇವೆ. ಈಚೆಗೆ ಪೌರತ್ವ ಸಿಕ್ಕಿ ಮತದಾರರ ಪಟ್ಟಿಗೆ ಹೆಸರು ಸೇರಿದೆ. ಮನೆ ಹತ್ತಿರದ ಹಳೆಯ ಆಫೀಸ್ ಕಟ್ಟಡ ಕೆಡವಿ ಫ್ಲ್ಯಾಟ್ ಕಟ್ಟುತ್ತಾರಂತೆ. ‘ಊರಿನ ಚಾರ್ಟರ್ ಪ್ರಕಾರ ಇದಕ್ಕೆ ಜನರ ಮತ ಬೇಕೇ ಬೇಕು’ ಎನ್ನುತ್ತಾರೆ ಪಕ್ಕದ ಮನೆಯವರು. ಸಿಟಿಯವರು ಬೇಡ ಎನ್ನುತ್ತಿದ್ದಾರೆ. ಯಾರದು ಸರಿ?

ಉತ್ತರ: ಇಬ್ಬರಲ್ಲಿ ಯಾರ ಮಾತಾದರೂ ಸರಿಯಿರಬಹುದು. ಎಲ್ಲಿ ಏನು, ಎಷ್ಟು ಕಟ್ಟಬಹುದು ಅಂತ ಹೇಳುವ ಊರಿನ ಯೋಜನೆಗೆ ಜನರಲ್ ಪ್ಲಾನ್ ಅನ್ನುತ್ತಾರೆ. ಆ ಜಾಗಕ್ಕೆ ಅದರಲ್ಲಿ ಈಗ ಏನು ಬರೆದಿದೆ ಎನ್ನುವುದರ ಮೇಲೆ ಉತ್ತರ ನಿಂತಿದೆ.

ಚಾರ್ಟರ್ ಅಂದರೆ ಊರಿನ ಸಂವಿಧಾನ ಇದ್ದ ಹಾಗೆ. ನಿಮ್ಮ ಊರಿನ ಜನ 2000ರ ನವೆಂಬರ್‌ನಲ್ಲಿ ಮತ ಹಾಕಿ ಅದಕ್ಕೆ 423ನೇ ಸೆಕ್ಷನ್ ಸೇರಿಸಿದರು. ಅಲ್ಲಿ ಇದನ್ನು ‘ಗ್ರೀನ್‌ಲೈಟ್’ ಎಂದೇ ಕರೆಯುತ್ತಾರೆ. ಜನರಲ್ ಪ್ಲಾನ್‌ನಲ್ಲಿ ದೊಡ್ಡ ಬದಲಾವಣೆ ಮಾಡಬೇಕಾದರೆ ಕೌನ್ಸಿಲ್ ಒಪ್ಪಿದರೆ ಸಾಲದು, ಮತದಾರರೂ ಒಪ್ಪಬೇಕು. ದೊಡ್ಡದು ಅಂದರೆ ಎಷ್ಟು? ಪ್ಲಾನ್‌ನಲ್ಲಿ ಇರುವುದಕ್ಕಿಂತ 100ಕ್ಕೂ ಹೆಚ್ಚು ಮನೆ, ಅಥವಾ 40,000 ಚದರ ಅಡಿಗೂ ಹೆಚ್ಚು ಕಟ್ಟಡ, ಅಥವಾ ದಟ್ಟಣೆಯ ಗಂಟೆಯಲ್ಲಿ 100ಕ್ಕೂ ಹೆಚ್ಚು ವಾಹನ ಓಡಾಟ. ಮೂರರಲ್ಲಿ ಒಂದು ಮೀರಿದರೂ ಮತಕ್ಕೆ ಹೋಗಬೇಕು.

ಇಲ್ಲಿ ಬಹಳ ಜನ ಎಡವುತ್ತಾರೆ. ಮತ ಬೇಕಾಗಿರುವುದು ಕಟ್ಟಡಕ್ಕಲ್ಲ, ಪ್ಲಾನ್ ಬದಲಾವಣೆಗೆ. ಪ್ಲಾನ್‌ನಲ್ಲಿ ಆ ಜಾಗಕ್ಕೆ 300 ಮನೆ ಅಂತ ಮೊದಲೇ ಇದ್ದರೆ, 300 ಮನೆ ಕಟ್ಟಲು ಯಾರ ಮತವೂ ಬೇಡ.

ಇನ್ನೊಂದು ಲೆಕ್ಕವೂ ಇದೆ. ಒಂದೇ ಬಡಾವಣೆಯಲ್ಲಿ ಹಿಂದಿನ 10 ವರ್ಷ ಮತವಿಲ್ಲದೆ ಆದ ಬದಲಾವಣೆಗಳ ಶೇ 80ರಷ್ಟನ್ನು ಹೊಸದಕ್ಕೆ ಕೂಡಿಸಬೇಕು. ಮೊದಲು ಪ್ಲಾನ್ ಬದಲಿಸಿ 60 ಮನೆ ಹೆಚ್ಚಿಸಿದ್ದರು ಅಂದುಕೊಳ್ಳಿ. ಅದರ ಶೇ 80 ಅಂದರೆ 48. ಈಗ ಇನ್ನೊಬ್ಬರು 55 ಮನೆ ಕೇಳಿದರೆ ಒಟ್ಟು 103. ಮತ ಬೇಕು. ಚೂರು ಚೂರಾಗಿ ತಂದು ಮಿತಿ ತಪ್ಪಿಸಿಕೊಳ್ಳಬಾರದು ಅಂತ ಈ ಏರ್ಪಾಡು. ನನ್ನ ಪ್ರಕಾರ ಇಡೀ ಸೆಕ್ಷನ್‌ನಲ್ಲಿ ಬಹಳ ಯೋಚಿಸಿ ಬರೆದ ಭಾಗ ಇದೇ.

ಇದರಿಂದ ಊರು ಬದಲಾಗಿದೆಯಾ? ಖಂಡಿತ. ಬಾಲ್ಬೋವಾ ಪರ್ಯಾಯದ್ವೀಪದ ಮರೀನಾ ಪಾರ್ಕ್‌ಗೆ ಹೋಗಿದ್ದೀರಿ ಅಲ್ವಾ? ಆ ಜಾಗದಲ್ಲಿ ರೆಸಾರ್ಟ್ ಹೋಟೆಲ್ ಕಟ್ಟುವ ಯೋಜನೆ ಇತ್ತು. 2004ರಲ್ಲಿ ಮತದಾರರು ಬೇಡ ಅಂದರು. 2015ರಲ್ಲಿ ಅಲ್ಲಿ ಪಾರ್ಕ್ ತೆರೆಯಿತು. ಇವತ್ತು ಮಕ್ಕಳು ಮರಳಲ್ಲಿ ಆಡುವುದನ್ನು ನೋಡಿದರೆ ಆ ಮತಕ್ಕೆ ಬೆಲೆ ಇತ್ತು ಅನಿಸುತ್ತದೆ.

ಆದರೆ ಇಂಥ ನಿಯಮದ ದೊಡ್ಡ ಪರಿಣಾಮ ಮತದ ದಿನ ಕಾಣುವುದಿಲ್ಲ, ಅದಕ್ಕೂ ಮೊದಲೇ ಆಗಿಹೋಗಿರುತ್ತದೆ. ಚುನಾವಣೆಗೆ ತಿಂಗಳುಗಟ್ಟಲೆ ಕಾದು, ಪ್ರಚಾರಕ್ಕೆ ದುಡ್ಡು ಸುರಿದು, ಕೊನೆಗೆ ಸೋಲುವುದು ಯಾವ ಬಿಲ್ಡರ್‌ಗೂ ಬೇಡ. ಮಿತಿಯೊಳಗೇ ಇರುವಂತೆ ನಕ್ಷೆ ಬರೆಸುತ್ತಾರೆ. 2016ರಲ್ಲಿ ನ್ಯೂಪೋರ್ಟ್ ಸೆಂಟರ್‌ನ ಕಲಾ ಸಂಗ್ರಹಾಲಯದ ಜಾಗಕ್ಕೆ 25 ಅಂತಸ್ತಿನ ಗೋಪುರದ ಯೋಜನೆ ಬಂತು. ಮನೆಗಳು ಸರಿಯಾಗಿ 100. ಮಿತಿ ಇರುವುದು ‘100ಕ್ಕಿಂತ ಜಾಸ್ತಿ’ಗೆ, ನೋಡಿ. ಕೌನ್ಸಿಲ್ ಒಪ್ಪಿತು, ಗ್ರೀನ್‌ಲೈಟ್ ಮತ ಆಗಲಿಲ್ಲ. ಆಗ ನಿವಾಸಿಗಳು ಬೇರೆ ದಾರಿ ಹಿಡಿದರು. ಕೌನ್ಸಿಲ್ ನಿರ್ಧಾರವನ್ನು ಮತಕ್ಕೆ ಹಾಕಿ ಅಂತ ಸಹಿ ಸಂಗ್ರಹಿಸಿದರು. 2017ರಲ್ಲಿ ಕೌನ್ಸಿಲ್ ತಾನೇ ಅನುಮತಿ ವಾಪಸ್ ಪಡೆಯಿತು. ಈ ಹಕ್ಕು ರಾಜ್ಯದ ಕಾನೂನಿನದು, ಚಾರ್ಟರ್‌ನದಲ್ಲ. 30 ದಿನದೊಳಗೆ ನೋಂದಾಯಿತ ಮತದಾರರಲ್ಲಿ ಶೇ 10ರಷ್ಟು ಜನರ ಸಹಿ ಬೇಕು. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಈಗ ಸಿಟಿಯವರ ಮಾತಿಗೆ ಬರುತ್ತೇನೆ. 2021ರಿಂದ 2029ರ ಅವಧಿಗೆ 4,845 ಮನೆಗಳಿಗೆ ಜಾಗ ತೋರಿಸಬೇಕು ಅಂತ ರಾಜ್ಯದ ಕಾನೂನಿನಡಿ ನಿಮ್ಮ ಊರಿನ ಪಾಲಿಗೆ ಬಂದಿದೆ. ಹಾಗೆ ತೋರಿಸದ ಊರಿನಲ್ಲಿ, ಕಡಿಮೆ ವರಮಾನದವರಿಗೆ ಒಂದು ಪಾಲು ಮನೆ ಮೀಸಲಿಟ್ಟ ಬಿಲ್ಡರ್ ಊರಿನ ವಲಯ ನಿಯಮಗಳನ್ನೇ ದಾಟಿ ಅರ್ಜಿ ಹಾಕಬಹುದು. ರಾಜ್ಯದ ಕಾನೂನು ಅಡ್ಡ ಬಂದರೆ ಮತ ಬೇಡ ಅಂತ 423ನೇ ಸೆಕ್ಷನ್ನೇ ಹೇಳುತ್ತದೆ. ಈ ಮಾತನ್ನೇ ಹಿಡಿದು ಕೌನ್ಸಿಲ್ 2024ರಲ್ಲಿ ಮತವಿಲ್ಲದೆ ಪ್ಲಾನ್ ಬದಲಿಸಿತು. ನಿವಾಸಿಗಳ ಸಂಘವೊಂದು ಕೋರ್ಟಿಗೂ ಹೋಯಿತು. ವಿಮಾನ ನಿಲ್ದಾಣದ ಸುತ್ತಲಿನ ಪ್ರದೇಶ, ನ್ಯೂಪೋರ್ಟ್ ಸೆಂಟರ್ ಎಲ್ಲ ಈ ಬದಲಾವಣೆಯೊಳಗೆ ಬರುತ್ತವೆ. ನಿಮ್ಮ ಪಕ್ಕದ ಆಫೀಸ್ ಜಾಗವೂ ಅದರಲ್ಲಿದ್ದು, ಅಲ್ಲಿ ಹೇಳಿದಷ್ಟೇ ಮನೆ ಕಟ್ಟುವುದಾದರೆ ಹೊಸ ಮತ ಬೇಡ.

ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ. ಕಡಲತೀರದ ಹೋಟೆಲ್‌ಗೆ ಊರಿನ ಮತ ಕೇಳುವುದು ನ್ಯಾಯ. ಮನೆಗಳ ವಿಷಯದಲ್ಲಿ ನನಗೆ ಅಷ್ಟು ಸಮಾಧಾನವಿಲ್ಲ. ಮತ ಹಾಕುವವರು ಈಗಾಗಲೇ ಅಲ್ಲಿ ಮನೆ ಇರುವವರು. ಆ ಫ್ಲ್ಯಾಟ್‌ನಲ್ಲಿ ಇರಬೇಕಾದ ನರ್ಸ್, ಶಾಲೆಯ ಟೀಚರ್ ಬೇರೆ ಊರಿಂದ ದಿನಾ ಕಾರಿನಲ್ಲಿ ಬರುತ್ತಾರೆ. ಅವರಿಗೆ ಇಲ್ಲಿ ಮತ ಇಲ್ಲ. ನಿಮ್ಮ ಮತ ಯಾವ ಕಡೆಗಾದರೂ ಇರಲಿ, ಅವರನ್ನೊಮ್ಮೆ ನೆನೆಸಿಕೊಳ್ಳಿ.

ಸದ್ಯಕ್ಕೆ ಸುಮ್ನೆ ಪಕ್ಕದವರ ಮಾತು ನಂಬಿ ಯಾವ ಅರ್ಜಿಗೂ ಸಹಿ ಹಾಕಬೇಡಿ. ಸಿಟಿಯ ಯೋಜನಾ ವಿಭಾಗಕ್ಕೆ ಆ ಜಾಗದ ವಿಳಾಸ ಕೊಡಿ. ಪ್ಲಾನ್ ಬದಲಿಸಬೇಕೇ ಅಂತ ಕೇಳಿ. ಬದಲಿಸಬೇಕು ಅಂದರೆ 423ನೇ ಸೆಕ್ಷನ್‌ನ ಲೆಕ್ಕ ತೋರಿಸಲು ಹೇಳಿ. ಹಿಂದಿನ 10 ವರ್ಷದ ಶೇ 80 ಅದರಲ್ಲಿ ಸೇರಿದೆಯಾ ಅಂತ ನೀವೇ ಕೂಡಿ ನೋಡಿ.