ಬರಹಗಾರರಿಗೆ ಸಲಹೆ: ನಾಲ್ಕನೆಯ ಪುಟದ ನೀರುಗಂಟಿ

ಮಾನ್ಯರೇ,

‘ಆರ್ಥಿಕ ಸಂಕಷ್ಟದಲ್ಲಿ ಪಂಚಾಯಿತಿಗಳ ಉತ್ತಮ ಆಡಳಿತ’ ಎಂಬ ನಿಮ್ಮ ಏಳು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೂ ಇಷ್ಟು ದೀರ್ಘವಾಗಿ ಉತ್ತರಿಸುತ್ತಿರುವುದು ನಾಲ್ಕನೆಯ ಪುಟದ ಒಂದು ಪ್ಯಾರಾದ ಸಲುವಾಗಿ. ಐದು ತಿಂಗಳಿನಿಂದ ಸಂಬಳ ಕಾಣದ ನಿಮ್ಮೂರಿನ ನೀರುಗಂಟಿ ಬೆಳಗಿನ ಜಾವ ಟಾರ್ಚ್ ಹಿಡಿದು ಕಾಫಿ ತೋಟದ ಅಂಚಿನಲ್ಲಿ ವಾಲ್ವ್ ತಿರುಗಿಸಲು ಹೋಗುವುದನ್ನೂ, ಕಾಲಿಗೆ ಹತ್ತಿದ ಜಿಗಣೆಯನ್ನು ಸುಣ್ಣ ಹಚ್ಚಿ ಬಿಡಿಸಿಕೊಳ್ಳುವುದನ್ನೂ ಆರೇ ಸಾಲಿನಲ್ಲಿ ಬರೆದಿದ್ದೀರಿ. ಆಮೇಲೆ ಅವರನ್ನು ಅಲ್ಲಿಯೇ ಬಿಟ್ಟು ‘ಪಾರದರ್ಶಕತೆ’ಗೆ ಮರಳಿದ್ದೀರಿ. ಆ ಪದ ಹದಿನಾಲ್ಕು ಕಡೆ ಬಂದಿದೆ. ನಿಮ್ಮ ಪಂಚಾಯಿತಿಯ ಲೆಕ್ಕದ ಒಂದು ಅಂಕಿಯೂ ಬಂದಿಲ್ಲ.

ಹಣಕಾಸು ಆಯೋಗದ ಅನುದಾನ ಬಂದರೂ ನೀರುಗಂಟಿಗೆ ಸಂಬಳ ಕೊಡಲಿಲ್ಲ, ಆದ್ದರಿಂದ ಇದು ದುರಾಡಳಿತ ಎಂದು ತೀರ್ಪು ಕೊಟ್ಟಿದ್ದೀರಿ. 15ನೇ ಹಣಕಾಸು ಆಯೋಗವು 2021–26ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಹಣದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ ಹಣ. ಉಳಿದ ಶೇ 40ರಲ್ಲಿಯೂ ಸಂಬಳ ಮತ್ತು ಕಚೇರಿ ನಿರ್ವಹಣೆಗೆ ಖರ್ಚು ಮಾಡಲು ಅವಕಾಶವಿರಲಿಲ್ಲ. ಅಂದರೆ ಪೈಪು ಕೊಳ್ಳಲು ದುಡ್ಡಿದ್ದು, ಆ ಪೈಪಿಗೆ ನೀರು ಬಿಡುವವರಿಗೆ ಕೊಡಲು ದುಡ್ಡಿಲ್ಲದ ಸ್ಥಿತಿ ನಿಯಮದ ಒಳಗೇ ಹುಟ್ಟಬಹುದು. ಸಂಬಳ ಬರಬೇಕಾದದ್ದು ರಾಜ್ಯದ ಅನುದಾನದಿಂದ ಅಥವಾ ಪಂಚಾಯಿತಿಯ ಸ್ವಂತ ತೆರಿಗೆಯಿಂದ. ನೀವು ಕೇಳಬೇಕಾದ ಪ್ರಶ್ನೆ ಇಲ್ಲಿದೆ: ಸ್ವಂತ ಖಾತೆಯಲ್ಲಿ ಇದ್ದ ಅಲ್ಪ ಹಣದಲ್ಲಿ ಆ ಐದು ತಿಂಗಳು ಯಾವ ಬಿಲ್ ಪಾವತಿಯಾಯಿತು, ಯಾವುದು ತಡೆಯಲ್ಪಟ್ಟಿತು, ಹಾಗೆ ಮಾಡಲು ಕಾರಣವನ್ನು ಸಭೆಯ ತೀರ್ಮಾನಗಳನ್ನು ದಾಖಲಿಸುವ ನಡಾವಳಿ ಪುಸ್ತಕದಲ್ಲಿ ಬರೆದಿದ್ದಾರೆಯೇ? ಹಣವಿದ್ದಾಗ ಎಲ್ಲರಿಗೂ ಕೊಟ್ಟು ಒಳ್ಳೆಯವರಾಗಬಹುದು. ಇಲ್ಲದಾಗ ಯಾರನ್ನು ಕಾಯಿಸಿದರು ಎಂಬುದರಲ್ಲಿ ಆಡಳಿತದ ಗುಣ ಗೊತ್ತಾಗುತ್ತದೆ.

ಐದನೆಯ ಪುಟದಲ್ಲಿ ‘ದೊಡ್ಡ ಕಾಫಿ ತೋಟಗಳ ಮೇಲೆ ತೆರಿಗೆ ಹೆಚ್ಚಿಸಿದರೆ ಸಮಸ್ಯೆ ಬಗೆಹರಿಯುತ್ತದೆ’ ಎಂದಿದ್ದೀರಿ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣವನ್ನು ಓದಿ. ಗ್ರಾಮ ಪಂಚಾಯಿತಿ ತೆರಿಗೆ ಹಾಕುವುದು ಕಟ್ಟಡಗಳ ಮೇಲೆ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಮೀನಿನ ಮೇಲೆ. ತೋಟದ ಬಂಗಲೆ, ಕಾರ್ಮಿಕರ ಲೈನ್ ಮನೆ, ಹೋಂಸ್ಟೇ ಅದರ ಲೆಕ್ಕಕ್ಕೆ ಬರುತ್ತವೆ, ತೋಟ ಬರುವುದಿಲ್ಲ. ಕಾಡು, ಕಾಫಿ ತೋಟ, ಗದ್ದೆಗಳೇ ಹೆಚ್ಚಿರುವ ನಮ್ಮ ಕೊಡಗು ಜಿಲ್ಲೆಯಲ್ಲಿ ಇದರ ಅರ್ಥವೇನೆಂದು ಯೋಚಿಸಿ. ಮನೆಗಳು ಚದುರಿವೆ, ಹತ್ತು ಮನೆಗಳಿಗೆ ನೀರು ಕೊಡಲು ಪೈಪು ಬಹಳ ದೂರ ಎಳೆಯಬೇಕು, ಕಂದಾಯ ಬರುವುದು ಮಾತ್ರ ಆ ಹತ್ತು ಮನೆಗಳಿಂದಲೇ. ಆ ಕಂದಾಯದ ರಸೀದಿಯಲ್ಲಿ ಗ್ರಂಥಾಲಯ ಕರವೂ ಭಿಕ್ಷುಕರ ಕರವೂ ಸೇರಿರುವುದರಿಂದ ವಸೂಲಾದದ್ದೆಲ್ಲ ಪಂಚಾಯಿತಿಗೇ ಉಳಿಯುವುದೂ ಇಲ್ಲ. ಪ್ರವಾಸಿಗರು ಬಿಟ್ಟುಹೋಗುವ ಪ್ಲಾಸ್ಟಿಕ್ ಬಾಟಲಿಗಳನ್ನು ಹೆಕ್ಕುವ ಖರ್ಚು ಬೇರೆ. ನಿಮ್ಮಲ್ಲಿ ಎಷ್ಟು ಹೋಂಸ್ಟೇಗಳು ಇನ್ನೂ ವಾಸದ ಮನೆಯ ದರದಲ್ಲಿಯೇ ಕಂದಾಯ ಕಟ್ಟುತ್ತಿವೆ ಎಂದು ಬೇಡಿಕೆ–ವಸೂಲಿ–ಬಾಕಿ ವಹಿ ನೋಡಿ ಬರೆದರೆ, ಆ ಒಂದು ಪುಟ ಈಗಿನ ಏಳು ಪುಟಗಳಿಗಿಂತ ತೂಕದ್ದಾಗುತ್ತದೆ.

ಮೊದಲ ಎರಡು ಪುಟಗಳನ್ನು 2018ರ ಆಗಸ್ಟ್‌ನ ಭೂಕುಸಿತಕ್ಕೆ ಮೀಸಲಿಟ್ಟಿದ್ದೀರಿ. ಮಕ್ಕಂದೂರು, ಜೋಡುಪಾಲದ ದುಃಖ ನಮ್ಮ ಓದುಗರಿಗೆ ಗೊತ್ತು. ಮನೆ ಹೋದಾಗ ತೆರಿಗೆ ವಹಿಯ ಸಾಲೂ ಹೋಗುತ್ತದೆ, ಅದೇ ಹೊತ್ತಿಗೆ ದುರಸ್ತಿಯ ಖರ್ಚು ಬರುತ್ತದೆ ಎಂಬ ಸಂಬಂಧವನ್ನು ತೋರಿಸದಿದ್ದರೆ ಆ ಪುಟಗಳು ನಿಮ್ಮ ವಿಷಯಕ್ಕೆ ಅಲಂಕಾರ ಮಾತ್ರ.

ಹೊಣೆಗಾರಿಕೆಯ ಬಗ್ಗೆ ಬರೆಯುವವರು ಜಮಾಬಂದಿಯ ಹೆಸರನ್ನೇ ಎತ್ತದಿರುವುದು ನನಗೆ ಆಶ್ಚರ್ಯ ತಂದಿತು. ವರ್ಷಕ್ಕೊಮ್ಮೆ, ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ, ಪಂಚಾಯಿತಿಯ ವಹಿಗಳನ್ನು ಜನರ ಮುಂದೆ ತೆರೆದಿಡಬೇಕಾದ ಸಭೆ ಅದು. ನಮ್ಮಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲ, ಕೈಲ್‌ಪೊಳ್ದ್ ಹಬ್ಬವೂ ಅದೇ ದಿನಗಳಲ್ಲಿ; ಖಾಲಿ ಕುರ್ಚಿಗಳಿಗೆ ಲೆಕ್ಕ ಓದಿ ಮುಗಿಸುವುದು ಸುಲಭ. ನಾನು ವರದಿಗಾರನಾಗಿದ್ದಾಗ ಅಂಥ ಒಂದು ಸಭೆಯಲ್ಲಿ ಕೂತಿದ್ದೆ. ಬ್ಲೀಚಿಂಗ್ ಪೌಡರ್ ಖರೀದಿಯ ವೋಚರ್ ಓದುತ್ತಿದ್ದಂತೆ ಒದ್ದೆ ಕೊಡೆಯನ್ನು ಮಡಿಲಲ್ಲಿಟ್ಟುಕೊಂಡಿದ್ದ ಒಬ್ಬ ಅಜ್ಜಿ, ‘ನಮ್ಮೂರಿಗೆ ಇರುವುದು ಮೂರು ಟ್ಯಾಂಕು, ಇಷ್ಟು ಮೂಟೆಯನ್ನು ಎಲ್ಲಿ ಸುರಿದಿರಿ?’ ಎಂದು ಕೇಳಿದರು. ಓದುತ್ತಿದ್ದವರು ಪುಟವನ್ನು ಹಿಂದೆ ಮುಂದೆ ತಿರುವಿದರು. ದಾಸ್ತಾನು ವಹಿ ತರಲು ಒಬ್ಬರು ಎದ್ದು ಹೋದರು. ಸಭೆ ಮುಗಿಯುವವರೆಗೂ ಹಿಂತಿರುಗಲಿಲ್ಲ. ನಾನಾಗ ಅದನ್ನು ಬರೆಯದೆ, ಅಧ್ಯಕ್ಷರ ಭಾಷಣವನ್ನು ಬರೆದೆ. ನಿಮ್ಮ ಲೇಖನ ಓದುವಾಗ ಆ ತಪ್ಪು ನೆನಪಾಯಿತು.

ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದಿರುವುದನ್ನು ಒಂದು ವಾಕ್ಯದಲ್ಲಿ ಹೇಳಿದ್ದೀರಿ. ಸದ್ಯಕ್ಕೆ ಅಷ್ಟು ಸಾಕು. ಅದು ಬೇರೆಯೇ ಲೇಖನ.

ನೀರುಗಂಟಿಯಿಂದಲೇ ಆರಂಭಿಸಿ ಹೊಸದಾಗಿ ಬರೆಯಿರಿ. ನಡಾವಳಿಯ ಪ್ರತಿ ಕೊಡಲು ಒಪ್ಪದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, 30 ದಿನ ಕಾಯಿರಿ, ನಮಗೆ ಆತುರವಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಮಾತನ್ನೂ ಕೇಳಿ ಬರೆಯಿರಿ, ಏಕೆಂದರೆ ಬಿಲ್ ತಡೆಯುವವರಿಗೂ ಮೇಲಿನಿಂದ ಒಂದು ಆದೇಶ ಬಂದಿರಬಹುದು. ಕಳಿಸುವ ಮುನ್ನ ಆ ಪ್ಯಾರಾವನ್ನು ನೀರುಗಂಟಿಗೆ ಓದಿ ಹೇಳಿ. ಬಾಕಿ ಸಂಬಳ ಇನ್ನೂ ಅವರ ಕೈ ಸೇರದಿದ್ದರೆ ಹೆಸರನ್ನೂ ಊರನ್ನೂ ಅಚ್ಚು ಮಾಡಬಹುದೇ ಬೇಡವೇ ಎಂಬುದನ್ನು ಅವರೇ ಹೇಳಲಿ.

ಇತಿ,
ಸಂಪಾದಕ